ಕಬ್ಬಿನ ಹಂಗಾಮು ಮತ್ತು ಕೂಲಿಕಾರರ ಮನಸ್ಸು

ಕೃಷ್ಣಾ ಮತ್ತು ಘಟಪ್ರಭಾ ನದಿಗಳ ನೀರನ್ನು ನೆಚ್ಚಿಕೊಂಡ ಬಾಗಲಕೋಟೆ ಜಿಲ್ಲೆಯ ಜಮಖಂಡಿ, ಮುಧೋಳ ಭಾಗದಲ್ಲಿ ಕಬ್ಬು ಮುಖ್ಯ ಬೆಳೆಯಾಗಿದ್ದು, ಹುನ್ನೂರಿನಂಥ ಊರುಗಳ ಸುತ್ತ ಕಟಾವಿನ ಹಂಗಾಮು ಆರಂಭವಾದರೆ ತಿಂಗಳುಗಟ್ಟಲೆ ಬಿಡುವಿರುವುದಿಲ್ಲ. ಗುತ್ತಿಗೆದಾರರಿಂದ ಮುಂಗಡ ಪಡೆದು ಬರುವ, ಕಬ್ಬು ಕಡಿಯುವ ಗ್ಯಾಂಗಿನವರಿಗೆ ಟನ್ನಿನ ಲೆಕ್ಕದಲ್ಲಿ ಕೂಲಿ ಸಲ್ಲುವುದರಿಂದ, ಜ್ವರ ಬಂದ ದಿನವೂ ಮುಂಗಡದ ಬಾಕಿ ಉಳಿಯುವ ದಿನವಾಗುತ್ತದೆ. 2019ರ ಆಗಸ್ಟ್‌ನಲ್ಲಿ ಬಂದಂತಹ ಪ್ರವಾಹವಾದರೆ ಬೆಳೆ ಮುಳುಗಿದ ರೈತನೊಂದಿಗೆ ಅವನ ಹೊಲವನ್ನೇ ನಂಬಿದ ಕೂಲಿಕಾರನ ದುಡಿಮೆಯೂ ಮುಳುಗುತ್ತದೆ.

ಇಂಥ ಅನಿಶ್ಚಿತತೆ ಮೈಮನಸ್ಸುಗಳನ್ನೂ ಕಾಡುತ್ತದೆ. ಅಪಾಯ ಎದುರಾದಾಗ ಮೆದುಳಿನ ಸೂಚನೆಯಂತೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಆ ಹೊತ್ತಿಗೆ ದೇಹಕ್ಕೆ ಬಲ ಕೊಡುವಂಥದ್ದೇ. ಆದರೆ ಸಾಲದ ಚಿಂತೆಯಂತೆ ತಿಂಗಳಾದರೂ ತೀರದ ಆತಂಕದಲ್ಲಿ ಈ ವ್ಯವಸ್ಥೆಗೆ ವಿಶ್ರಾಂತಿ ಸಿಗದೆ ನಿದ್ದೆ ಕೆಡುತ್ತದೆ, ಸಿಟ್ಟು ಹೆಚ್ಚುತ್ತದೆ, ಗಮನ ಚದುರುತ್ತದೆ. ಕುಡುಗೋಲು ಹಿಡಿದವರಿಗೆ ಗಮನ ಚದುರುವುದು ಸಣ್ಣ ಮಾತಲ್ಲ. ತಲೆನೋವು, ಎದೆಭಾರ, ಮೈಕೈ ನೋವು ಎಂದು ಆಸ್ಪತ್ರೆಗೆ ಬರುವ ಎಷ್ಟೋ ಜನರ ಸಂಕಟದ ಮೂಲವನ್ನು ಯಾರೂ ಕೇಳದೆ ನೋವಿನ ಮಾತ್ರೆ ಕೊಟ್ಟು ಕಳಿಸಲಾಗುತ್ತದೆ.

ಇಲ್ಲಿ ನೆರವಾಗಬಲ್ಲದ್ದು ಮನೋಚಿಕಿತ್ಸೆ, ಅಂದರೆ ತರಬೇತಿ ಪಡೆದವರು ಕ್ರಮಬದ್ಧವಾದ ಮಾತುಕತೆಯ ಮೂಲಕ ನೀಡುವ ಚಿಕಿತ್ಸೆ. ಅದರ ಒಂದು ಬಗೆಯಲ್ಲಿ, ಮನಸ್ಸು ಕುಗ್ಗಿದಾಗ ಜನರು ಕೈಬಿಡುವ ಓಣಿಯ ಒಡನಾಟ, ಭಜನೆ, ಮಕ್ಕಳೊಡನೆ ಕಳೆಯುವ ಹೊತ್ತು ಮೊದಲಾದವುಗಳನ್ನು ಉತ್ಸಾಹ ಬರಲೆಂದು ಕಾಯದೆ ಒಂದೊಂದಾಗಿ ಮತ್ತೆ ರೂಢಿಸಲಾಗುತ್ತದೆ. ಇದನ್ನು ವರ್ತನಾ ಸಕ್ರಿಯಗೊಳಿಕೆ ಎನ್ನುತ್ತಾರೆ. ಸಮಸ್ಯೆ ಪರಿಹಾರ ಚಿಕಿತ್ಸೆ ಎಂಬ ಇನ್ನೊಂದು ಬಗೆಯಲ್ಲಿ, ರಾಶಿಯಾಗಿ ಕಾಡುವ ಚಿಂತೆಗಳನ್ನು ಬಿಡಿಸಿ, ಈ ವಾರವೇ ಮಾಡಬಹುದಾದದ್ದನ್ನು, ಉದಾಹರಣೆಗೆ ಮುಂಗಡದ ಲೆಕ್ಕವನ್ನು ಬರೆಸಿಕೊಳ್ಳುವುದನ್ನು, ಮೊದಲು ಕೈಗೆತ್ತಿಕೊಳ್ಳಲಾಗುತ್ತದೆ.

ಮನೋವೈದ್ಯರು ವಿರಳವಾಗಿರುವ ಹಳ್ಳಿಗಳಲ್ಲಿ ಇದು ಸಾಧ್ಯವೇ ಎಂಬ ಸಂದೇಹಕ್ಕೆ ಕರ್ನಾಟಕವೇ ಮೊದಲ ಉತ್ತರಗಳಲ್ಲೊಂದನ್ನು ನೀಡಿದೆ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಗೋವಾದಲ್ಲಿ ವೈದ್ಯಕೀಯ ಶಿಕ್ಷಣವಿಲ್ಲದ ಸ್ಥಳೀಯ ಸಮಾಲೋಚಕರು ಆರರಿಂದ ಎಂಟು ಭೇಟಿಗಳಲ್ಲಿ ನೀಡಿದ ವರ್ತನಾ ಸಕ್ರಿಯಗೊಳಿಕೆಯಿಂದ ತೀವ್ರ ಖಿನ್ನತೆ ತಗ್ಗಿದ್ದನ್ನು 2017ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ರೈತರ ಆತ್ಮಹತ್ಯೆಗಳಿಂದ ನಲುಗಿದ ವಿದರ್ಭದ ಅಮರಾವತಿ ಜಿಲ್ಲೆಯ 30 ಹಳ್ಳಿಗಳಲ್ಲಿ ನಡೆದ 'ವಿಶ್ರಾಮ್' ಕಾರ್ಯಕ್ರಮದಲ್ಲಿ, ಖಿನ್ನತೆಯುಳ್ಳವರ ಪೈಕಿ ನೆರವು ಕೋರಿದವರ ಪ್ರಮಾಣ ಶೇ. 4.3ರಿಂದ ಶೇ. 27.2ಕ್ಕೆ ಏರಿತು.

ಮಾತುಕತೆಯಿಂದ ಮುಂಗಡ ತೀರುವುದಿಲ್ಲ. ನ್ಯಾಯವಾದ ಕೂಲಿ ಮತ್ತು ಪಾರದರ್ಶಕ ಲೆಕ್ಕಕ್ಕೆ ಬದಲಾಗಿ ಚಿಕಿತ್ಸೆಯನ್ನು ಮುಂದಿಡುವುದು ಅನ್ಯಾಯವೇ ಸರಿ. ಅದೇ ರೀತಿ, ಕೂಲಿ ಸುಧಾರಿಸಲಿ ಎಂದು ಚಿಕಿತ್ಸೆಯನ್ನು ಮುಂದೂಡುವುದೂ ತಪ್ಪು. ಹಗಲೆಲ್ಲ ಹೊಲದಲ್ಲಿರುವವರು ಆಸ್ಪತ್ರೆಯ ವೇಳೆಗೆ ಬರಲಾರರಾದ್ದರಿಂದ, ಸಮಾಲೋಚಕರೇ ಸಂಜೆಯ ಹೊತ್ತು ಗ್ಯಾಂಗಿನ ಗುಡಿಸಲುಗಳಿಗೆ ಹೋಗುವಂತೆ ಸಕ್ಕರೆ ಕಾರ್ಖಾನೆಗಳೂ ಆರೋಗ್ಯ ಇಲಾಖೆಯೂ ಹಂಗಾಮಿಗೆ ಮೊದಲೇ ಏರ್ಪಾಡು ಮಾಡಬೇಕು. ಅಲ್ಲಿಯವರೆಗೆ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಓದು ಬಾರದ ಕೂಲಿಕಾರರಿಗೆ ಈ ಸಂಖ್ಯೆಯನ್ನು ಓದುಗರು ತಿಳಿಸಬೇಕು.