ಗುಳಿಗೆಯಾಗುವ ಮುನ್ನ ರವೆ

ತಲೆನೋವಿಗೆಂದು ನುಂಗುವ ಗುಳಿಗೆಯನ್ನು ಯಾರೂ ಒಡೆದು ನೋಡುವುದಿಲ್ಲ. ನೋಡಬೇಕಾದ ಪ್ರಮೇಯವೂ ಬರುವುದಿಲ್ಲ. ಔಷಧಿಯ ಹುಡಿಯನ್ನು ಅಚ್ಚಿಗೆ ಹಾಕಿ ಒತ್ತಿದರೆ ಗುಳಿಗೆ ಸಿದ್ಧವಾಯಿತೆಂದೇ ನಾವೂ ಬಹುಕಾಲ ತಿಳಿದಿದ್ದೆವು. ಇಂಗ್ಲೆಂಡಿನ ವಿಲಿಯಂ ಬ್ರಾಕಡನ್ ಎಂಬಾತನು 1843ರಲ್ಲಿ ಇಂತಹ ಅಚ್ಚಿಗೆ ಪೇಟೆಂಟು ಪಡೆದಂದಿನಿಂದ ಮೂಲತತ್ತ್ವವೇನೋ ಅದೇ. ಆದರೆ ನುಣುಪಾದ ಹುಡಿಗೆ ಒಂದು ದುರ್ಗುಣವುಂಟು: ಅದು ಸರಾಗವಾಗಿ ಹರಿಯದು. ಮೈದಾ ಹಿಟ್ಟನ್ನು ಡಬ್ಬಿಯಿಂದ ಸುರಿದರೆ ಮುದ್ದೆಮುದ್ದೆಯಾಗಿ ಬೀಳುತ್ತದೆ, ರವೆಯಾದರೆ ನೀರಿನಂತೆ ಇಳಿಯುತ್ತದೆ. ಇದನ್ನು ನಮ್ಮ ಉಪಾಹಾರಗೃಹದ ಬಂಧುಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗಂಟೆಗೆ ಸಾವಿರಗಟ್ಟಲೆ ಗುಳಿಗೆ ಒತ್ತುವ ಯಂತ್ರದ ಒಂದೊಂದು ಕುಳಿಗೂ ಒಂದೇ ತೂಕದ ಔಷಧಿ ಬೀಳಬೇಕಾದರೆ ಬಹಳಷ್ಟು ಔಷಧಿಗಳ ಹುಡಿಯು ಮೊದಲು ರವೆಯಾಗಬೇಕು. ಈ ರವೆಗಟ್ಟಿಸುವ ಕೆಲಸಕ್ಕೆ ಗ್ರಾನ್ಯುಲೇಶನ್ ಎಂದು ಹೆಸರು.

ಮುಂಬಯಿಯ ಹೊರವಲಯದ ಔಷಧಿ ಪ್ರಯೋಗಶಾಲೆಯೊಂದರಲ್ಲಿ ಈ ಯಂತ್ರಗಳನ್ನು ತೊಳೆದು ಜೋಡಿಸಿಡುವ ಕೆಲಸದಲ್ಲಿರುವ ಕುಂದಾಪುರದ ಕಡೆಯ ಹಿರಿಯರೊಬ್ಬರ ಪರಿಚಯ ನಮಗೆ ಇತ್ತೀಚೆಗೆ ಆಯಿತು. ಹುಡುಗನಾಗಿ ಊರು ಬಿಟ್ಟು ಬಂದು, ಹೋಟೆಲಿನಲ್ಲಿ ಲೋಟ ತಟ್ಟೆ ತೊಳೆದು, ರಾತ್ರಿಶಾಲೆಯಲ್ಲಿ ಓದಿ ಅಲ್ಲಿಗೆ ಸೇರಿದವರು. "ಆಗಲೂ ತೊಳೆಯುವುದೇ, ಈಗಲೂ ತೊಳೆಯುವುದೇ. ಅಲ್ಲಿ ಕಣ್ಣಿಗೆ ಕಂಡದ್ದನ್ನು ತೊಳೆದರೆ ಸಾಕಿತ್ತು, ಇಲ್ಲಿ ಕಾಣದೆ ಇರುವುದನ್ನು ತೊಳೆಯಬೇಕು ಮಾರಾಯ್ರೆ" ಎಂದು ಅವರು ನಕ್ಕರು. ಆ ಮಾತಿನ ಬೆನ್ನು ಹಿಡಿದು ಹೊರಟದ್ದೇ ಈ ಲೇಖನ.

ಕಾರ್ಖಾನೆಯಲ್ಲಿ ನೂರಾರು ಲೀಟರಿನ ಯಂತ್ರಗಳಿದ್ದರೆ ಪ್ರಯೋಗಶಾಲೆಯದು ಚಿಕ್ಕದು. ಒಂದೆರಡು ಲೀಟರಿನಿಂದ ಹತ್ತು ಲೀಟರು ಹಿಡಿಯುವ ಉಕ್ಕಿನ ಬೋಗುಣಿ. ತಳದಲ್ಲಿ ದೊಡ್ಡ ಅಲಗೊಂದು ಹುಡಿಯನ್ನು ಕಲಸುತ್ತದೆ. ಪಕ್ಕದ ಸಣ್ಣ ಅಲಗು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗಿ ಗಂಟುಗಳನ್ನು ಒಡೆಯುತ್ತದೆ. ಮೇಲಿನಿಂದ ಗಂಜಿಯಂತಹ ಅಂಟುದ್ರವವನ್ನು ಹನಿಸುತ್ತಾರೆ. ಹದ ಬಂದಿತೇ ಎಂದು ತಿಳಿಯಲು ಹಳಬರು ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಸುಕಿ, ಉಂಡೆಯನ್ನು ಮುರಿದು ನೋಡುತ್ತಿದ್ದರು. ಈಗ ಮೋಟಾರು ಎಳೆಯುವ ವಿದ್ಯುತ್ತಿನ ಪ್ರಮಾಣದಿಂದಲೂ ಅಳೆಯುವುದುಂಟು. ಅನಂತರ ಒದ್ದೆ ರವೆಯನ್ನು ಬಿಸಿಗಾಳಿಯಲ್ಲಿ ತೇಲಿಸಿ ಒಣಗಿಸಿ, ಜರಡಿಯಲ್ಲಿ ಹಾಯಿಸುತ್ತಾರೆ.

ಯಂತ್ರ ಚಿಕ್ಕದಾದುದರಿಂದ ಚಿಂತೆಯೂ ಚಿಕ್ಕದೆಂದು ಭಾವಿಸಬಾರದು. ಕಾರ್ಖಾನೆಯ ಯಂತ್ರದಲ್ಲಿ ಒಂದೇ ಔಷಧಿ ವಾರಗಟ್ಟಲೆ ನಡೆಯಬಹುದು. ಪ್ರಯೋಗಶಾಲೆಯಲ್ಲಿ ಇಂದು ರಕ್ತದೊತ್ತಡದ್ದು, ನಾಳೆ ಮಧುಮೇಹದ್ದು. ಮೇಲಾಗಿ ಇಲ್ಲಿ ಕಂಡುಕೊಂಡ ಹದವನ್ನು ಆಧಾರವಾಗಿಟ್ಟುಕೊಂಡೇ ಕಾರ್ಖಾನೆಯ ಹದವನ್ನು ನಿಶ್ಚಯಿಸುತ್ತಾರೆ. ಅಲಗು ಸವೆದು ತಳಕ್ಕೂ ಅದಕ್ಕೂ ನಡುವಣ ಸಂದು ಹೆಚ್ಚಾದರೆ ಅಡಿಯಲ್ಲಿ ಹುಡಿಯ ಒಂದು ಪದರ ಕಲಸದೆಯೇ ಉಳಿಯುತ್ತದೆ; ಸುತ್ತುಗಳ ಎಣಿಕೆ ತಪ್ಪಿದ್ದರೆ ಲೆಕ್ಕವೇ ತಪ್ಪುತ್ತದೆ. ಆದಕಾರಣ ವೇಗವನ್ನೂ ಉಷ್ಣಮಾಪಕವನ್ನೂ ಗೊತ್ತಾದ ಅವಧಿಗೊಮ್ಮೆ ತಾಳೆ ನೋಡಲೇಬೇಕು.

ಎಲ್ಲಕ್ಕಿಂತ ಹೆಚ್ಚು ಕಾಟ ಕೊಡುವುದು ಸೀಲು. ಅಲಗಿನ ದಂಡವು ಬೋಗುಣಿಯೊಳಕ್ಕೆ ಹಾದುಬರುವ ಸಂದಿಯನ್ನು ಕಾಯುವ ಬಳೆಯಿದು. ಹಲವು ಯಂತ್ರಗಳಲ್ಲಿ ಈ ಸಂದಿಯಿಂದ ಒತ್ತಡದ ಗಾಳಿ ಸದಾ ಹೊರಗೆ ಬೀಸುತ್ತಿರುತ್ತದೆ. ಆ ಗಾಳಿಯನ್ನು ಬಿಡುವ ಮುನ್ನವೇ ಅವಸರದಿಂದ ಹುಡಿ ಸುರಿದರೆ ಅದು ಸಂದಿಯೊಳಗೆ ಇಳಿದು, ಅಂಟುದ್ರವ ತಾಗಿ, ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಮುಂದೊಂದು ದಿನ ಬೇರೊಂದು ಔಷಧಿಯನ್ನು ಕಲಸುವಾಗ ಅದು ಚೂರುಚೂರಾಗಿ ಹೊರಬೀಳುತ್ತದೆ. ಹೊರಗಿನಿಂದ ಎಷ್ಟು ತೊಳೆದರೂ ಅಲ್ಲಿಗೆ ನೀರು ತಲುಪದು, ಬಿಚ್ಚಲೇಬೇಕು. ಬಿಚ್ಚುವುದಕ್ಕೆ ಸೋಮಾರಿತನ ಮಾಡಿದವರೇ ಮುಂದೆ ಪಶ್ಚಾತ್ತಾಪ ಪಡುವುದೆಂದು ನಮ್ಮ ಹಿರಿಯರ ಅಂಬೋಣ.

ತೊಳೆಯುವುದರಲ್ಲಿಯೂ ಕ್ರಮವುಂಟು. ಮೊದಲು ಒಣಹುಡಿಯನ್ನು ಹೀರಿ ತೆಗೆಯಬೇಕು. ಗಂಜಿ ಬಳಸಿದ್ದರೆ ಮೊದಲೇ ಬಿಸಿನೀರು ಹೊಯ್ಯಬಾರದು. ಹಿಟ್ಟು ಬೆಂದು ಅಂಟಿಕೊಳ್ಳುತ್ತದೆ. ದೋಸೆ ಹಿಟ್ಟಿನ ಪಾತ್ರೆ ತೊಳೆದವರಿಗೆ ಇದು ಹೊಸ ವಿಷಯವಲ್ಲ. ತಂತಿಯ ಜುಂಗಿನಿಂದ ಉಜ್ಜುವುದು ಮಾತ್ರ ನಿಷಿದ್ಧ. ಉಕ್ಕಿನ ಮೇಲೆ ಬಿದ್ದ ಒಂದೊಂದು ಗೀರೂ ಔಷಧಿಗೆ ಅಡಗುದಾಣ. ಮೆದು ಬ್ರಷ್ಷು, ಸೋಪಿನ ನೀರು, ಕಡೆಗೆ ಶುದ್ಧೀಕರಿಸಿದ ನೀರು. ಆಮೇಲೆ ಪೂರ್ತಿ ಒಣಗಬೇಕು, ಏಕೆಂದರೆ ತೇವ ಉಳಿದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ.

ಇಷ್ಟೆಲ್ಲ ಮಡಿ ಏಕೆಂದು ಕೇಳುವವರಿಗೆ ಚರಿತ್ರೆಯೇ ಉತ್ತರ ಕೊಡುತ್ತದೆ. ಅಮೆರಿಕದಲ್ಲಿ 1940ರ ಕೊನೆಯಲ್ಲಿಯೂ 1941ರಲ್ಲಿಯೂ, ಸೋಂಕಿಗೆಂದು ಕೊಡುತ್ತಿದ್ದ ಸಲ್ಫಥಯಾಜೋಲ್ ಗುಳಿಗೆಗಳಲ್ಲಿ ನಿದ್ರೆ ತರಿಸುವ ಫಿನೋಬಾರ್ಬಿಟಾಲ್ ಬೆರೆತುಹೋಗಿ, ಸತ್ತವರೂ ಬಾಧೆಗೊಳಗಾದವರೂ ಸೇರಿ ಮುನ್ನೂರರ ಸಮೀಪವಾದರು. ಗುಳಿಗೆ ತಯಾರಿಕೆಯ ಮೇಲೆ ಅಲ್ಲಿನ ಸರ್ಕಾರ ಬಿಗಿ ಮಾಡಿದ್ದು ಆ ಬಳಿಕ. 1988ರ ಸಂಗತಿಯಂತೂ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಕೊಲೆಸ್ಟೈರಮೈನ್ ಎಂಬ ಔಷಧಿಯಲ್ಲಿ ಕೀಟನಾಶಕ ತಯಾರಿಕೆಯ ಶೇಷಗಳು ಕಂಡುಬಂದು ಅದನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಆ ಕಶ್ಮಲದ ಕಚ್ಚಾಮಾಲು ದೂರದ ಇನ್ನೊಂದು ಕಾರ್ಖಾನೆಗೂ ಹೋಗಿತ್ತು. ಅಲ್ಲಿ ಕೀಟನಾಶಕದ ಹೆಸರೇ ಇರಲಿಲ್ಲ. ಆದರೆ ಬಿಸಿಗಾಳಿಯಲ್ಲಿ ಒಣಗಿಸುವ ಯಂತ್ರದ ಬಟ್ಟೆಯ ಚೀಲಕ್ಕೆ ಅದು ಹತ್ತಿಕೊಂಡಿತು. ಚೀಲದಿಂದ ಅನಂತರದ ಮಾಲಿಗೂ ಹರಡಿತು. ಅಂದಿನಿಂದ ಒಂದು ಔಷಧಿಯ ಚೀಲವನ್ನು ಇನ್ನೊಂದಕ್ಕೆ ಬಳಸುವುದೆಂದರೆ ತಿಳಿದವರು ಬೆಚ್ಚುತ್ತಾರೆ. ನಾವು ನೋಡಿದ ಕೋಣೆಯಲ್ಲಿ ಚೀಲಗಳನ್ನು ಔಷಧಿಯ ಹೆಸರು ಬರೆದು ಬೇರೆಬೇರೆ ಕಪಾಟುಗಳಲ್ಲಿ ಇಟ್ಟಿದ್ದರು.

ಹಾಗಾದರೆ ಶುಭ್ರವೆಂದರೆ ಎಷ್ಟು ಶುಭ್ರ? ಕಣ್ಣಿಗೆ ಏನೂ ಕಾಣದಿರುವುದು ಮೊದಲ ಮಾತು. ಹಿಂದಿನ ಔಷಧಿಯ ಒಂದು ದಿನದ ಮಾತ್ರೆಯ ಸಾವಿರದಲ್ಲೊಂದು ಪಾಲಿಗಿಂತ ಹೆಚ್ಚು ಮುಂದಿನದರ ಒಂದು ದಿನದ ಮಾತ್ರೆಯಲ್ಲಿ ಸೇರಕೂಡದು, ಹತ್ತು ಲಕ್ಷಕ್ಕೆ ಹತ್ತು ಪಾಲು ಮೀರಕೂಡದು ಎಂಬ ಲೆಕ್ಕಗಳು ಬಹಳ ವರ್ಷ ನಡೆದುಬಂದವು. ಈಗ ಒಂದೊಂದು ಔಷಧಿಯ ವಿಷಗುಣವನ್ನು ನೋಡಿ ಮಿತಿ ಕಟ್ಟುವ ಪದ್ಧತಿ ಬಂದಿದೆ. ಅಳೆಯಲು ಬೋಗುಣಿಯ ಗೊತ್ತಾದ ಚೌಕವನ್ನು ಒದ್ದೆ ಮಾಡಿದ ಸಣ್ಣ ಬಟ್ಟೆಕಡ್ಡಿಯಿಂದ ಒರಸಿ, ಅದನ್ನು ಪರೀಕ್ಷೆಗೆ ಕಳುಹುತ್ತಾರೆ. ಒರಸುವುದು ನುಣುಪಾದ ನಡುಭಾಗದಲ್ಲಲ್ಲ; ಮೂಲೆ, ಸೀಲು, ಅಲಗಿನ ಅಡಿ, ಇಂತಹ ಕಷ್ಟದ ಜಾಗಗಳಲ್ಲಿ.

ರೋಗಿಯಷ್ಟೇ ಅಲ್ಲ, ಕೆಲಸಗಾರನ ಜೀವವೂ ಇಲ್ಲಿ ಪಣದಲ್ಲಿದೆ. ಗಾಳಿಯಲ್ಲಿ ತೇಲುವ ಒಣಹುಡಿಗೆ ಒಂದು ಕಿಡಿ ಸಾಕು. ನೀರಿನ ಬದಲು ಸ್ಪಿರಿಟ್ಟಿನಂತಹ ದ್ರವ ಬಳಸಿದ್ದರೆ ಹೇಳುವುದೇ ಬೇಡ. ಹುಡಿ ಬಟ್ಟೆಗೆ ಉಜ್ಜಿದಾಗ ಹುಟ್ಟುವ ವಿದ್ಯುತ್ತನ್ನು ನೆಲಕ್ಕಿಳಿಸಲು ಚೀಲಕ್ಕೆ ತಂತಿ ಜೋಡಿಸಿರುತ್ತಾರೆ. ತೊಳೆದ ಮೇಲೆ ಆ ತಂತಿಯನ್ನು ಮರಳಿ ಜೋಡಿಸಲು ಮರೆತರೆ ಯಂತ್ರ ಎಂದಿನಂತೆಯೇ ನಡೆಯುತ್ತದೆ, ಕಿಡಿ ಹಾರುವವರೆಗೆ. ಹೈದರಾಬಾದಿನ ಬಳಿಯ ಪಾಶಮೈಲಾರಂನಲ್ಲಿ, ಗುಳಿಗೆಗಳಿಗೆ ಬೆರೆಸುವ ಸೆಲ್ಯುಲೋಸ್ ಹುಡಿ ತಯಾರಿಸುವ ಕಾರ್ಖಾನೆಯಲ್ಲಿ 2025ರ ಜೂನ್ 30ರಂದು ಆದ ಸ್ಫೋಟದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಮಡಿದರು. ಆ ಊರಿನ ನಮ್ಮ ಓದುಗರು ಅದನ್ನು ಮರೆತಿರಲಾರರು.

ಇನ್ನು ಗುಮಾಸ್ತ ಬಂಧುಗಳಿಗೆ ಒಪ್ಪಿಗೆಯಾಗುವ ಮಾತೊಂದುಂಟು. ಪ್ರತಿ ಯಂತ್ರಕ್ಕೂ ಒಂದು ದಫ್ತರ ಇರುತ್ತದೆ. ಯಾವ ಔಷಧಿ ನಡೆಯಿತು, ಯಾರು ತೊಳೆದರು, ಎಷ್ಟು ಗಂಟೆಗೆ, ಯಾರು ನೋಡಿ ಸಹಿ ಹಾಕಿದರು, ಎಲ್ಲವನ್ನೂ ಆಗಿಂದಾಗಲೇ ಬರೆಯಬೇಕು. ಬರೆಯದಿದ್ದರೆ ತೊಳೆದದ್ದೂ ತೊಳೆಯದಂತೆಯೇ ಲೆಕ್ಕ. 1945ರ ಔಷಧ ನಿಯಮಾವಳಿಯ 'ಎಂ' ಅನುಸೂಚಿ 2023ರ ಡಿಸೆಂಬರಿನಲ್ಲಿ ಪರಿಷ್ಕಾರಗೊಂಡ ಮೇಲೆ ಸಣ್ಣ ಕಾರ್ಖಾನೆಗಳಿಗೂ ಈ ಕಟ್ಟುಪಾಡು ಇನ್ನಷ್ಟು ಬಿಗಿಯಾಗಿದೆ.

ನಾವು ಹೊರಡುವ ಹೊತ್ತಿಗೆ ಹಿರಿಯರು ಜರಡಿಯೊಂದನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ ನೋಡುತ್ತಿದ್ದರು. ಕೆಲಸಕ್ಕೆ ಮುಂಚೆ ಒಮ್ಮೆ, ಆದ ಮೇಲೆ ಒಮ್ಮೆ ಹೀಗೆ ನೋಡುವುದು ನಿಯಮ. ನಮಗೆ ಏನೂ ಕಾಣಲಿಲ್ಲ. ಅವರು ಅಂಚಿನ ಬಳಿ ಬೆರಳಿಟ್ಟು ತೋರಿಸಿದರು. ಕೂದಲಿನಂತಹ ಒಂದು ತಂತಿ ತುಂಡಾಗಿತ್ತು. ಮುರಿದ ತುಣುಕು ಸಿಗುವವರೆಗೆ ಅಂದಿನ ರವೆಯೆಲ್ಲವನ್ನೂ ತಡೆಹಿಡಿಯಬೇಕೆಂದು ಹೇಳಿ, ಜರಡಿಗೆ ಕೆಂಪು ಚೀಟಿ ಅಂಟಿಸಿ, ದಫ್ತರ ತೆರೆದು ಬರೆಯಲು ಕುಳಿತರು.