ಕರುಳಿನ ಉರಿಯೂತಕ್ಕೆ ಸ್ಟೆಮ್ ಸೆಲ್ ಮದ್ದೇ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಕ್ರೋನ್ಸ್ ರೋಗಿಯೊಬ್ಬರು ಸ್ಟೆಮ್ ಸೆಲ್ ಜಾಹೀರಾತು ನಂಬಿ ಅಡಿಕೆ ತೋಟ ಅಡವಿಡಲು ಹೊರಟರೆ ನೀವೇನು ಹೇಳುವಿರಿ?

ಈ ಕಾಯಿಲೆಯಲ್ಲಿ ದೇಹದ ರಕ್ಷಣಾ ವ್ಯವಸ್ಥೆಯೇ ಕರುಳಿಗೆ ಹಾನಿ ಮಾಡುತ್ತದೆ. ಕೆಲವರಿಗೆ ಗುದದ್ವಾರದ ಬಳಿ ಕೀವು ಸೋರುವ ಭಗಂದರವಾಗುತ್ತದೆ. ಕೊಬ್ಬಿನಿಂದ ಪಡೆದು ಅಲ್ಲಿಗೆ ಚುಚ್ಚುವ ಆಕರಕೋಶಗಳು ಹೊಸ ಕರುಳನ್ನು ಕಟ್ಟುವುದಿಲ್ಲ. ಉರಿಯೂತ ತಗ್ಗಿಸುವ ವಸ್ತುಗಳನ್ನು ಸ್ರವಿಸುತ್ತವೆ.

ಯೂರೋಪ್ 2018ರಲ್ಲಿ ಅನುಮತಿಸಿದ ಡಾರ್ವಾಡ್‌ಸ್ಟ್ರೋಸೆಲ್ ಇಂಥದು. ಮೊದಲ ಪ್ರಯೋಗದಲ್ಲಿ 24 ವಾರಗಳ ಬಳಿಕ ಶೇ. 50 ಮಂದಿಯ ಭಗಂದರ ವಾಸಿಯಾಗಿತ್ತು. ಹುಸಿಮದ್ದು ಪಡೆದವರಲ್ಲಿ ಶೇ. 34. ಮುಂದಿನ ದೊಡ್ಡ ಪ್ರಯೋಗದಲ್ಲಿ ಇವು ಶೇ. 49 ಮತ್ತು 46. ಅಂತರ ಉಳಿಯಲಿಲ್ಲ; 2024ರಲ್ಲಿ ಮದ್ದನ್ನು ಹಿಂತೆಗೆಯಲಾಯಿತು.

ಭಾರತದ 2017ರ ಮಾರ್ಗಸೂಚಿಯಂತೆ ಇದು ನೋಂದಾಯಿತ ಪ್ರಯೋಗದಲ್ಲಿ ಮಾತ್ರ ಸಲ್ಲುತ್ತದೆ. ಅದಕ್ಕೆ ರೋಗಿಯಿಂದ ಹಣ ಪಡೆಯುವಂತಿಲ್ಲ. ಹಣ ಕೇಳಿದರೆ, ಅಡವು ಬೇಡವೆನ್ನಿ.