ಮಾತ್ರೆಯ ಬಣ್ಣ ಬದಲಾದಾಗ: ಆತಂಕ ನಿವಾರಕ ಜೆನೆರಿಕ್ ಔಷಧಗಳು ಮತ್ತು ವರ್ತಕರ ಹೊಣೆ

ಆತಂಕದ ಕಾಯಿಲೆಗಾಗಿ ವರ್ಷಗಳಿಂದ ಒಂದೇ ಮಾತ್ರೆ ಸೇವಿಸುತ್ತಿರುವ ಗ್ರಾಹಕರೊಬ್ಬರು ತಿಂಗಳ ಮೊದಲ ವಾರ ಎಂದಿನಂತೆ ಔಷಧದಂಗಡಿಗೆ ಬರುತ್ತಾರೆ. ಎಂದಿನ ಬಿಳಿ ಮಾತ್ರೆಯ ಬದಲು ಗುಲಾಬಿ ಬಣ್ಣದ ಮಾತ್ರೆಯ ಸ್ಟ್ರಿಪ್ ಅವರ ಕೈಸೇರುತ್ತದೆ. 'ಔಷಧ ಅದೇ, ಕಂಪನಿ ಮಾತ್ರ ಬೇರೆ' ಎಂಬ ಒಂದು ಮಾತನ್ನು ಸಂಜೆಯ ಗದ್ದಲದಲ್ಲಿ ಯಾರೂ ಹೇಳುವುದಿಲ್ಲ. ಮನೆಗೆ ಹೋದವರು ಅದನ್ನು ಬೇರೆಯದೇ ಔಷಧವೆಂದು ತಿಳಿದು, ಉಳಿದಿದ್ದ ಹಳೆಯ ಮಾತ್ರೆಯ ಜೊತೆಗೆ ನುಂಗಬಹುದು. ಇಲ್ಲವೇ ಅನುಮಾನದಿಂದ ಸೇವನೆಯನ್ನೇ ನಿಲ್ಲಿಸಬಹುದು. ಎರಡರಲ್ಲೂ ಅಪಾಯವಿದೆ. ವ್ಯಾಪಾರದ ದೃಷ್ಟಿಯಿಂದ ಚಿಕ್ಕದಾಗಿ ಕಾಣುವ ಈ ಬದಲಾವಣೆ ಗ್ರಾಹಕರ ಆರೋಗ್ಯಕ್ಕೆ ಸಂಬಂಧಿಸಿದ್ದಾದ್ದರಿಂದ ಔಷಧ ವರ್ತಕರೂ ಉದ್ಯಮಿಗಳೂ ಇದನ್ನು ಅರಿತಿರುವುದು ಅವಶ್ಯಕ.

ಸಮಾನತೆ ಎಂದರೇನು?

ಮೂಲ ಸಂಶೋಧಕ ಕಂಪನಿಯ ಪೇಟೆಂಟ್ ಅವಧಿ ಮುಗಿದ ಬಳಿಕ ಅದೇ ಸಕ್ರಿಯ ಘಟಕವನ್ನು ಅದೇ ಪ್ರಮಾಣದಲ್ಲಿ ಬಳಸಿ ಇತರರು ತಯಾರಿಸುವ ಔಷಧವೇ ಜೆನೆರಿಕ್. ಆಲ್‌ಪ್ರಜೋಲಾಂ, ಕ್ಲೋನಜೆಪಾಂ, ಎಸಿಟಲೋಪ್ರಾಂ ಮೊದಲಾದವು ಭಾರತದಲ್ಲಿ ಹತ್ತಾರು ಹೆಸರುಗಳಲ್ಲಿ ಮಾರಾಟವಾಗುತ್ತವೆ. ಘಟಕ ಒಂದೇ ಆದರೂ ಮಾತ್ರೆಯನ್ನು ಕಟ್ಟಲು ಬಳಸುವ ಪಿಷ್ಟ, ಲ್ಯಾಕ್ಟೋಸ್, ಬಣ್ಣ ಮತ್ತು ಹೊರಲೇಪ ಬೇರೆ ಬೇರೆಯಾಗಿರುತ್ತವೆ.

ಔಷಧವು ಎಷ್ಟು ಪ್ರಮಾಣದಲ್ಲಿ, ಎಷ್ಟು ವೇಗವಾಗಿ ರಕ್ತವನ್ನು ಸೇರುತ್ತದೆ ಎಂಬುದನ್ನು ಮೂಲ ಔಷಧದೊಡನೆ ಹೋಲಿಸುವ ಪರೀಕ್ಷೆಗೆ ಜೈವಿಕ ಸಮಾನತೆಯ ಪರೀಕ್ಷೆ ಎನ್ನುತ್ತಾರೆ. ಈ ಹೋಲಿಕೆಯ ಅನುಪಾತವು ತನ್ನ ಸಂಖ್ಯಾಶಾಸ್ತ್ರೀಯ ವ್ಯಾಪ್ತಿ ಸಮೇತ ಶೇ. 80ರಿಂದ 125ರ ಮಿತಿಯೊಳಗಿರಬೇಕು. ಇದನ್ನು ನೋಡಿ ಜೆನೆರಿಕ್ ಔಷಧದಲ್ಲಿ ಶೇ. 20ರಷ್ಟು ಕೊರತೆ ಇರುತ್ತದೆಂದು ಭಾವಿಸುವುದು ತಪ್ಪು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 1996ರಿಂದ 2007ರವರೆಗಿನ 2,070 ಪರೀಕ್ಷೆಗಳನ್ನು ಪರಿಶೀಲಿಸಿದಾಗ ರಕ್ತಕ್ಕೆ ಸೇರುವ ಒಟ್ಟು ಪ್ರಮಾಣದಲ್ಲಿ ಕಂಡ ಸರಾಸರಿ ವ್ಯತ್ಯಾಸ ಸುಮಾರು ಶೇ. 3.5 ಮಾತ್ರ. ಆದುದರಿಂದ ಬಹುಪಾಲು ರೋಗಿಗಳಿಗೆ ಬದಲಾವಣೆಯಿಂದ ತೊಂದರೆಯಾಗುವುದಿಲ್ಲ.

ಆದರೂ ಎರಡು ಅಂಶಗಳು ಗಮನಾರ್ಹ. ಪ್ರತಿಯೊಂದು ಜೆನೆರಿಕ್ ಅನ್ನು ಮೂಲ ಔಷಧದೊಡನೆ ಹೋಲಿಸಲಾಗುತ್ತದೆಯೇ ಹೊರತು ಒಂದು ಜೆನೆರಿಕ್ ಅನ್ನು ಇನ್ನೊಂದರೊಡನೆ ಅಲ್ಲ. ಎರಡನೆಯದಾಗಿ, ಭಾರತದಲ್ಲಿ ನೀರಿನಲ್ಲಿ ಸುಲಭವಾಗಿ ಕರಗದ ಔಷಧಗಳ ಹೊಸ ಪರವಾನಗಿಗೆ ಈ ಪರೀಕ್ಷೆ ಕಡ್ಡಾಯವಾದದ್ದು 2017ರಲ್ಲಿ. ಅದಕ್ಕೆ ಮುನ್ನ, ಮೊದಲ ಅನುಮೋದನೆಯಾಗಿ ನಾಲ್ಕು ವರ್ಷ ಕಳೆದ ಔಷಧಗಳಿಗೆ ಸಾಮಾನ್ಯವಾಗಿ ಇದರ ಅಗತ್ಯವಿರಲಿಲ್ಲ.

ವ್ಯತ್ಯಾಸ ಎಲ್ಲಿ ಅನುಭವಕ್ಕೆ ಬರಬಹುದು?

ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಗಳಲ್ಲಿ ತಯಾರಿಕೆಯ ತಂತ್ರವೇ ಮುಖ್ಯ. ಅಮೆರಿಕದಲ್ಲಿ 2006ರಲ್ಲಿ ಅನುಮೋದನೆ ಪಡೆದ ಬುಪ್ರೊಪಿಯಾನ್ 300 ಮಿ.ಗ್ರಾಂ. ಎಂಬ ಖಿನ್ನತೆ ನಿವಾರಕದ ಒಂದು ಜೆನೆರಿಕ್ ಕುರಿತು ರೋಗಿಗಳು ನಿರಂತರವಾಗಿ ದೂರು ನೀಡಿದರು. 150 ಮಿ.ಗ್ರಾಂ. ಮಾತ್ರೆಯ ಪರೀಕ್ಷೆಯ ಆಧಾರದಲ್ಲಿಯೇ ಅದಕ್ಕೆ ಒಪ್ಪಿಗೆ ದೊರೆತಿತ್ತು. ಕೊನೆಗೆ 2012ರಲ್ಲಿ ಅದು ಮೂಲ ಔಷಧಕ್ಕೆ ಸಮಾನವಲ್ಲವೆಂದು ಅಲ್ಲಿನ ನಿಯಂತ್ರಣ ಸಂಸ್ಥೆಯೇ ಪ್ರಕಟಿಸಿತು. ಇಂಥ ಪ್ರಸಂಗಗಳು ಅಪರೂಪ. ಆದರೆ ರೋಗಿಯ ದೂರನ್ನು 'ಬರೀ ಭ್ರಮೆ' ಎಂದು ತಳ್ಳಿಹಾಕಬಾರದೆಂಬುದಕ್ಕೆ ಇದು ಸಾಕ್ಷಿ.

ದೇಹದಿಂದ ಬೇಗನೆ ಹೊರಹೋಗುವ ಆಲ್‌ಪ್ರಜೋಲಾಂನಂತಹ ಔಷಧಗಳಲ್ಲಿ ಸಣ್ಣ ಏರುಪೇರೂ ಕೆಲವರಿಗೆ ತಿಳಿದೀತು. ಲ್ಯಾಕ್ಟೋಸ್ ಅಥವಾ ಬಣ್ಣ ಒಗ್ಗದವರಿಗೆ ಹೊಸ ಮಾತ್ರೆಯಿಂದ ಕಿರಿಕಿರಿಯಾಗಬಹುದು. ಬದಲಾವಣೆಯ ಅಂಜಿಕೆಯೇ ಆತಂಕವನ್ನು ಹೆಚ್ಚಿಸುವುದೂ ಉಂಟು. ಹೃದಯಾಘಾತಕ್ಕೊಳಗಾದವರ ಬಗ್ಗೆ 2014ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮಾತ್ರೆಯ ಬಣ್ಣ ಬದಲಾದಾಗ ಸೇವನೆ ನಿಲ್ಲಿಸುವ ಸಂಭವ ಶೇ. 34ರಷ್ಟೂ ಆಕಾರ ಬದಲಾದಾಗ ಶೇ. 66ರಷ್ಟೂ ಹೆಚ್ಚಿದ್ದುದು ಕಂಡುಬಂದಿತು.

ಆತಂಕದ ಔಷಧವನ್ನು ಹೀಗೆ ಹಠಾತ್ತನೆ ನಿಲ್ಲಿಸುವುದು ವಿಶೇಷವಾಗಿ ಹಾನಿಕರ. ಆಲ್‌ಪ್ರಜೋಲಾಂ, ಕ್ಲೋನಜೆಪಾಂ ವರ್ಗದ ಮಾತ್ರೆಗಳನ್ನು ದೀರ್ಘಕಾಲ ಸೇವಿಸಿದವರು ಒಮ್ಮೆಲೇ ಬಿಟ್ಟರೆ ನಿದ್ರೆಗೇಡು, ನಡುಕ, ಕೆಲವೊಮ್ಮೆ ಫಿಟ್ಸ್ ಕೂಡ ಬರಬಹುದು. ಪ್ಯಾರಾಕ್ಸೆಟೀನ್‌ನಂತಹವುಗಳಲ್ಲಿ ತಲೆಸುತ್ತು, ಶಾಕ್ ಹೊಡೆದಂಥ ಅನುಭವ ಕಾಣಿಸಿಕೊಳ್ಳುತ್ತದೆ.

ಕಾನೂನು ಏನು ಹೇಳುತ್ತದೆ?

ಔಷಧ ನಿಯಮಾವಳಿಯ 65ನೇ ನಿಯಮದನ್ವಯ ಶೆಡ್ಯೂಲ್ ಎಚ್ ಔಷಧದ ಚೀಟಿಯಲ್ಲಿ ವೈದ್ಯರು ಬರೆದ ತಯಾರಿಕೆಯ ಬದಲು ಬೇರೊಂದನ್ನು, ಘಟಕ ಒಂದೇ ಆಗಿದ್ದರೂ, ಔಷಧದಂಗಡಿಯವರು ತಾವಾಗಿ ಕೊಡುವಂತಿಲ್ಲ. ಚೀಟಿಯಲ್ಲಿ ಜೆನೆರಿಕ್ ಹೆಸರು ಮಾತ್ರ ಇದ್ದರೆ ತಯಾರಕರ ಆಯ್ಕೆ ಅಂಗಡಿಯವರದಾಗುತ್ತದೆ. ದಾಸ್ತಾನಿಗೆ ತಕ್ಕಂತೆ ಅದು ತಿಂಗಳಿಂದ ತಿಂಗಳಿಗೆ ಬದಲಾಗಲೂಬಹುದು. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಶೆಡ್ಯೂಲ್ ಎಚ್1ರಲ್ಲಿ ಆಲ್‌ಪ್ರಜೋಲಾಂ, ಡಯಾಜೆಪಾಂ ಸೇರಿದ್ದು, ವೈದ್ಯರ ಮತ್ತು ರೋಗಿಯ ಹೆಸರು, ಔಷಧ ಹಾಗೂ ಪ್ರಮಾಣವನ್ನು ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಕಾಪಾಡಬೇಕು. 2008ರಲ್ಲಿ ಆರಂಭವಾದ ಜನೌಷಧಿ ಯೋಜನೆಯ ಕೇಂದ್ರಗಳು 2023ರಲ್ಲಿ 10,000ದ ಸಂಖ್ಯೆಯನ್ನು ಮುಟ್ಟಿವೆ. ಬೆಲೆಯ ಉಳಿತಾಯಕ್ಕಾಗಿ ಬ್ರಾಂಡ್ ಬಿಟ್ಟು ಅಲ್ಲಿಗೆ ಹೋಗುವವರಿಗೂ ಮುಂದಿನ ಸಲಹೆಗಳು ಅನ್ವಯಿಸುತ್ತವೆ.

ಔಷಧ ವರ್ತಕರು ಗಮನಿಸಬೇಕಾದುವು

1. ತಯಾರಕರು ಬದಲಾದರೆ ಸ್ಟ್ರಿಪ್ ಕೈಗೆ ಕೊಡುವಾಗಲೇ ತಿಳಿಸಿ, ಹಳೆಯದರ ಜೊತೆ ಸೇರಿಸಿ ಸೇವಿಸಬಾರದೆಂದು ಸ್ಪಷ್ಟಪಡಿಸುವುದು.
2. ತಿಂಗಳ ಕಾಯಂ ಗ್ರಾಹಕರ ಔಷಧವನ್ನು ಸಾಧ್ಯವಾದಷ್ಟು ಒಂದೇ ತಯಾರಕರಿಂದ ತರಿಸುವುದು. ಸ್ಟಾಕಿಸ್ಟ್ ಬಳಿ ಕೊರತೆಯ ಸೂಚನೆ ಸಿಕ್ಕೊಡನೆ ಗ್ರಾಹಕರಿಗೆ ತಿಳಿಸುವುದು.
3. ಬಿಲ್ಲಿನಲ್ಲಿ ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆ ತಪ್ಪದೆ ನಮೂದಿಸುವುದು. ದೂರು ಬಂದಾಗ ಇದೇ ಆಧಾರ.
4. ಇತರರ ಎದುರು ಕಾಯಿಲೆಯ ಹೆಸರೆತ್ತದೆ, ತಗ್ಗಿದ ದನಿಯಲ್ಲಿ ಮಾತನಾಡುವುದು.

ಸೇವಿಸುವವರು ಗಮನಿಸಬೇಕಾದುವು

ಅಂಗಡಿಯಿಂದ ಹೊರಡುವ ಮುನ್ನ ಘಟಕದ ಹೆಸರು, ಮಿ.ಗ್ರಾಂ. ಪ್ರಮಾಣ ಹಾಗೂ 'ಎಸ್‌ಆರ್', 'ಎಕ್ಸ್‌ಆರ್' ಮುಂತಾದ ಅಕ್ಷರಗಳನ್ನು ಹಳೆಯ ಸ್ಟ್ರಿಪ್‌ನೊಡನೆ ತಾಳೆ ನೋಡಬೇಕು. ಮಾತ್ರೆ ಬದಲಾದ ದಿನಾಂಕವನ್ನು ಬರೆದಿಟ್ಟು, ಮುಂದಿನ ಕೆಲವು ವಾರಗಳ ನಿದ್ರೆ, ಮಂಪರು, ಆತಂಕದ ಏರಿಳಿತಗಳನ್ನು ಗುರುತಿಸಿಕೊಂಡರೆ ವೈದ್ಯರಿಗೆ ಕಾರಣ ಹುಡುಕುವುದು ಸುಲಭ. ಆ ಅವಧಿಯಲ್ಲಿ ಕಾಫಿ, ಮದ್ಯ, ಬೇರೆ ಔಷಧ ಅಥವಾ ಕೆಲಸದ ಒತ್ತಡದಲ್ಲಿ ಬದಲಾವಣೆ ಆಗಿದ್ದರೆ ಅದನ್ನೂ ತಿಳಿಸಬೇಕು. ಪ್ರಮಾಣವನ್ನು ತಾವೇ ಏರಿಸುವುದಾಗಲಿ ಇಳಿಸುವುದಾಗಲಿ ಸಲ್ಲದು. ಮಾತ್ರೆ ಮುಗಿಯುವ ಒಂದು ವಾರ ಮೊದಲೇ ಖರೀದಿಸಿದರೆ ಹಿಂದಿನ ತಯಾರಕರ ಔಷಧವನ್ನೇ ತರಿಸಿಕೊಳ್ಳಲು ಸಮಯ ಉಳಿಯುತ್ತದೆ. ಹೊಸ ಮಾತ್ರೆ ಒಗ್ಗದಿದ್ದರೆ ಚೀಟಿಯಲ್ಲಿ ತಯಾರಕರ ಹೆಸರನ್ನೂ ಬರೆಯುವಂತೆ ವೈದ್ಯರನ್ನು ಕೋರಬಹುದು. ತುರ್ತು ಮಾನಸಿಕ ನೆರವಿಗೆ 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಲಭ್ಯವಿದೆ.

ಈ ಮಾತ್ರೆ ಸೇವಿಸುವವರಲ್ಲಿ ಅಂಗಡಿ ನಡೆಸುವವರೂ ಕಾರ್ಖಾನೆಯ ಮೇಲ್ವಿಚಾರಕರೂ ಲೆಕ್ಕಪತ್ರ ನೋಡುವವರೂ ಇದ್ದಾರೆ. ಅನೇಕರು ಅದನ್ನು ಮನೆಯವರಿಗೂ ಹೇಳಿರುವುದಿಲ್ಲ. ಅಂಥವರಿಗೆ ಮಾತ್ರೆ ಬದಲಾಗಿರುವುದನ್ನು ತಿಳಿಸಬಲ್ಲವರು ಹಲವು ಸಲ ಔಷಧದಂಗಡಿಯವರೊಬ್ಬರೇ. ಆ ಅರ್ಧ ನಿಮಿಷದ ಮಾತಿಗೆ ಖರ್ಚೇನೂ ಇಲ್ಲ. ಅದನ್ನು ಆಡದೆ ಉಳಿದರೆ ಆಗುವ ನಷ್ಟವನ್ನು ಯಾವ ರಿಯಾಯಿತಿಯೂ ತುಂಬಿಕೊಡಲಾರದು.